ಹೆಬ್ಬೆರಳು ಒತ್ತಿ ಆಡುವ ಮಾತು

ಹುಳಿಮಾವು
18 ಅಕ್ಟೋಬರ್ 2024

ಜಯಸಿಂಹ ಸಾರ್ ಅವರಿಗೆ,

ಬೈರಣ್ಣನ ನಮಸ್ಕಾರ. ಮೊನ್ನೆ ಬುಧವಾರ ಆಸ್ಪತ್ರೆಯಲ್ಲಿ ನಿಮ್ಮ ಮುಂದೆ ಬಂದು, ಕುತ್ತಿಗೆಯ ಬಟ್ಟೆ ಸರಿಸಿ ತೂತು ತೋರಿಸಿ, 'ನೋಡಿ ಸಾರ್, ಇಷ್ಟೇ' ಅಂದವನು ನಾನೇ. ನೀವು ಗೋಡೆ ಕಡೆ ತಿರುಗಿಕೊಂಡಿರಿ. ನಿಮ್ಮ ಮನೆಯವರು ಪಂಕಜಮ್ಮನವರು 'ಇವತ್ತು ಬೇಡ ಬಿಡಿ' ಅಂದರು. ಸೈಟು ತೋರಿಸಿ ಬದುಕಿದವನು ನಾನು. ಗಿರಾಕಿ ಕಾರಿನಿಂದ ಇಳಿಯುವ ಮೊದಲೇ ಗೇಟು ತೆರೆದು ನಿಲ್ಲುವ ಚಾಳಿ ಇನ್ನೂ ಹೋಗಿಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಅರೆಕೆರೆ, ಹುಳಿಮಾವು, ಬೇಗೂರು, ಈ ಸುತ್ತಿನಲ್ಲೆಲ್ಲ ಸೈಟ್ ಬ್ರೋಕರ್ ಆಗಿದ್ದೆ. ನಮ್ಮಪ್ಪ ರಾಗಿ ಬೆಳೆದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟು ನಿಂತಿದೆ. ಅದನ್ನು ಮಾತಾಡಿ ಕುದುರಿಸಿದವನೂ ನಾನೇ. ಓದಿದ್ದು ಎಂಟನೇ ಕ್ಲಾಸು, ಉಳಿದದ್ದೆಲ್ಲ ಬಾಯಿ. ಹಾಗಿರುವಾಗ ಮೂರು ವರ್ಷದ ಹಿಂದೆ ಡಾಕ್ಟರು 'ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್, ಪೂರ್ತಿ ತೆಗೀಬೇಕು' ಅಂದರು. ರಸ್ತೆ ಅಗಲ ಮಾಡುತ್ತೇವೆ, ನಿನ್ನ ಅಂಗಡಿ ಕೆಡವುತ್ತೇವೆ ಅಂದ ಹಾಗೆ ಕೇಳಿಸಿತು.

ಕೆಡವಿದರು. ಈಗ ನನ್ನ ಮೂಗಿಗೂ ಶ್ವಾಸಕೋಶಕ್ಕೂ ಸಂಬಂಧವಿಲ್ಲ. ಉಸಿರೆಲ್ಲ ಕುತ್ತಿಗೆಯ ತೂತಿನಿಂದಲೇ. ಒಳಗೆ ಗಾಳಿಯ ಕೊಳವೆಗೂ ಅನ್ನದ ಕೊಳವೆಗೂ ನಡುವೆ ಒಂದು ಪುಟ್ಟ ವಾಲ್ವ್ ಕೂರಿಸಿದ್ದಾರೆ. ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ಆ ಕಡೆ ಹೊರಳಿ, ಬಾಯಿಗೆ ಬಂದು ಮಾತಾಗುತ್ತದೆ. ಹೆಬ್ಬೆರಳು ತೆಗೆದರೆ ಮಾತು ಬಂದ್, ಉಸಿರು ಚಾಲೂ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಸಮನ್ವಿತಾ ಮೇಡಂ, ನಿಮ್ಮ ಹಾಗೆ ಆಪರೇಷನ್‌ಗೆ ಮೊದಲು ಕೂತು ಯೋಚಿಸುತ್ತಿರುವವರ ಬಳಿಗೆ ನಮ್ಮಂಥ ಹಳಬರನ್ನು ಕಳಿಸುತ್ತಾರೆ. ಜೀವನದಲ್ಲಿ ಮೊದಲ ಸಲ ಕಮಿಷನ್ ಇಲ್ಲದೆ ಒಂದು ಜಾಗ ತೋರಿಸುವ ಕೆಲಸ ಸಿಕ್ಕಿದೆ, ಅದಕ್ಕೇ ಇಷ್ಟು ಉತ್ಸಾಹ.

ನಿಮ್ಮ ವಿಳಾಸ ಕೇಳಿದೆ. ಮೇಡಂ ಕೊಡಲಿಲ್ಲ, ಕಾಗದ ಬರೆದರೆ ತಲುಪಿಸುತ್ತೇನೆ ಅಂದರು. ಫೋನಿನಲ್ಲಿ ನನ್ನ ಧ್ವನಿ ಕೇಳಿದವರು ಯಾವುದೋ ಮಿಷನ್ ಕೆಟ್ಟಿದೆ ಅಂದುಕೊಂಡು ಇಟ್ಟುಬಿಡುತ್ತಾರೆ. ವಾಟ್ಸಾಪ್‌ನಲ್ಲಿ ನೀವು ಬ್ಲಾಕ್ ಮಾಡಬಹುದು. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಒಂದು ಸಲ ಕೈಗೆ ತೆಗೆದುಕೊಳ್ಳಲೇಬೇಕು.

ಇಂತಿ,
ಬೈರಣ್ಣ


ಜಯನಗರ
26 ಅಕ್ಟೋಬರ್ 2024

ಮಾನ್ಯ ಬೈರಣ್ಣನವರೇ,

ಪತ್ರ ತಲುಪಿತು. ನಿಮ್ಮ ಸದುದ್ದೇಶವನ್ನು ಗೌರವಿಸುತ್ತೇನೆ.

ಶಸ್ತ್ರಚಿಕಿತ್ಸೆ ಬೇಡವೆಂದು ನಿಶ್ಚಯಿಸಿದ್ದೇನೆ. ರೇಡಿಯೇಷನ್ ಒಂದರಲ್ಲೇ ಮುಗಿಸಲಾಗದೇ ಎಂದು ಡಾಕ್ಟರನ್ನು ಕೇಳಿದೆ. ಕೆಲವರಿಗೆ ಆಗುತ್ತದೆ, ನಿಮ್ಮಲ್ಲಿ ರೋಗ ಪೆಟ್ಟಿಗೆಯ ಗೋಡೆಯನ್ನೇ ದಾಟಿದೆ, ಸಾಲದು ಎಂದರು. ಸಾಲದಿದ್ದರೆ ಬೇಡ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ ಗಂಟಲು ಇದು. ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ರಾಮೋತ್ಸವದ ಸಂಗೀತ ಕಚೇರಿಗಳಿಗೆಲ್ಲ ಸ್ವಾಗತದಿಂದ ವಂದನಾರ್ಪಣೆಯವರೆಗೆ ನಿರೂಪಣೆ ಮಾಡಿದ ಗಂಟಲು. ಇರುವಷ್ಟು ಕಾಲ ಇದರ ಜೊತೆಯಲ್ಲೇ ಇರುತ್ತೇನೆ. ಮತ್ತೆ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.

ವಂದನೆಗಳೊಂದಿಗೆ,
ಎಚ್. ಎಸ್. ಜಯಸಿಂಹ

ಕೇಳಲು ಮರೆತೆ: ನಿಮಗೆ ವಾಸನೆ ತಿಳಿಯುತ್ತದೆಯೇ? ಕಾಫಿಯದು, ಉದಾಹರಣೆಗೆ.


ಹುಳಿಮಾವು
29 ಅಕ್ಟೋಬರ್ 2024

ಜಯಸಿಂಹ ಸಾರ್,

ನಿಮ್ಮ ಕಾಗದ ಹಿಡಿದುಕೊಂಡು ಮನೆಯೆಲ್ಲ ಓಡಾಡಿದೆ. ನಮ್ಮ ಮನೆಯವಳು ಅಕ್ಕಯಮ್ಮ, 'ಏನು, ಲಾಟರಿ ಹೊಡೀತಾ?' ಅಂದಳು. ಹೌದು ಅಂದೆ. ಬೇಡ ಬೇಡ ಅಂತ ಹೇಳಿ ಹೊರಟ ಗಿರಾಕಿ ಗೇಟಿನ ಹತ್ತಿರ ನಿಂತು 'ಇಲ್ಲಿ ಬೋರ್‌ವೆಲ್ ನೀರು ಹೇಗೆ?' ಅಂತ ಕೇಳಿದನೋ, ಆ ಗಿರಾಕಿಯನ್ನು ನಾನು ಯಾವತ್ತೂ ಕಳೆದುಕೊಂಡಿಲ್ಲ.

ಕಾಫಿಯ ವಿಷಯ. ಮೂಗಿನಲ್ಲಿ ಗಾಳಿ ಓಡಾಡದ ಕಾರಣ ವಾಸನೆ ತಾನಾಗಿ ಬರುವುದಿಲ್ಲ. ಮೊದಮೊದಲು ಅಡುಗೆಮನೆಯಲ್ಲಿ ಹಾಲು ಸೀದರೂ ನನಗೆ ತಿಳಿಯದೆ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಆಮೇಲೆ ಮೇಡಂ ಒಂದು ಉಪಾಯ ಕಲಿಸಿದರು. ಬೀಗರ ಎದುರು ಕೂತಾಗ ಆಕಳಿಕೆ ಬಂದರೆ ತುಟಿ ಮುಚ್ಚಿಕೊಂಡು ಒಳಗೇ ನುಂಗುತ್ತೇವಲ್ಲ, ಹಾಗೆ ದವಡೆಯನ್ನೂ ನಾಲಿಗೆಯನ್ನೂ ಕೆಳಕ್ಕೆ ಎಳೆಯಬೇಕು. ಮೂಗಿನೊಳಕ್ಕೆ ಚೂರು ಗಾಳಿ ಸೆಳೆದುಕೊಳ್ಳುತ್ತದೆ. ದಿನಾ ಮಾಡಿದೆ. ಒಂದು ಬೆಳಗ್ಗೆ ಸಾರಿನ ಇಂಗಿನ ಒಗ್ಗರಣೆ ಬಂದು ತಟ್ಟಿತು ನೋಡಿ, ಬಚ್ಚಲಲ್ಲಿದ್ದವನು ಹಾಗೇ ಟವೆಲ್‌ನಲ್ಲಿ ಓಡಿ ಬಂದೆ. ಕಾಫಿಗೆ ಇನ್ನೂ ಒಂದು ವಾರ ಹಿಡಿಯಿತು.

ನನ್ನ ಕಸುಬಿನ ಗುಟ್ಟು: ದೋಷವನ್ನು ಮೊದಲು ನಾವೇ ಹೇಳಬೇಕು. ಗಿರಾಕಿ ತಾನೇ ಕಂಡುಹಿಡಿದರೆ ಒಂದು ದೋಷ ಹತ್ತಾಗುತ್ತದೆ. ಕೇಳಿ. ನೀರಿಗೆ ಇಳಿದು ಈಜುವಂತಿಲ್ಲ. ಷವರ್ ಕೆಳಗೆ ಕುತ್ತಿಗೆ ಮರೆಮಾಡಿ ನಿಲ್ಲಬೇಕು. ನಾನು ಬಕೆಟ್ಟು ಚೊಂಬಿಗೇ ವಾಪಸ್ ಬಂದೆ. ಬನ್ನೇರುಘಟ್ಟ ರೋಡಿನ ಧೂಳಿಗೆ ತೂತಿನ ಮೇಲೆ ಸೋಸುವ ಬಟ್ಟೆ ಇರಲೇಬೇಕು. ಕಫ ಅಲ್ಲಿಂದಲೇ ಬರುತ್ತದೆ, ಒರೆಸುತ್ತಿರಬೇಕು, ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ವಾಲ್ವ್ ಹಳತಾದರೆ ಸೋರುತ್ತದೆ, ಕಾಫಿ ಕುಡಿದರೆ ಕೆಮ್ಮು. ಆಸ್ಪತ್ರೆಗೆ ಹೋಗಿ ಹೊಸದು ಹಾಕಿಸಿಕೊಳ್ಳಬೇಕು. ಸಿಟ್ಟು ಬಂದಾಗ ಒಂದೇ ಉಸಿರಿಗೆ ಬೈಯಲಾಗುವುದಿಲ್ಲ. ಅಕ್ಕಯಮ್ಮನ ಪ್ರಕಾರ ಇದು ದೋಷದ ಲೆಕ್ಕಕ್ಕೆ ಬರುವುದಿಲ್ಲ.

ಶನಿವಾರ ಬೆಳಗ್ಗೆ ನಾವೆಲ್ಲ ಆಸ್ಪತ್ರೆಯಲ್ಲಿ ಒಂದು ರೂಮಿನಲ್ಲಿ ಸೇರುತ್ತೇವೆ. ಬನಶಂಕರಿಯಲ್ಲಿ ಸೊಪ್ಪು ಮಾರುವ ಜಯಶೀಲಾ ಅಂತ ಒಬ್ಬಳಿದ್ದಾಳೆ. ಒಂದು ಕೈಯಲ್ಲಿ ಸೊಪ್ಪಿನ ಕಟ್ಟು, ಇನ್ನೊಂದು ಕೈ ಕುತ್ತಿಗೆಗೆ. 'ಚೌಕಾಸಿ ಬೇಗ ಮುಗಿಸ್ರಿ, ನಂಗೆ ಕೈ ಬೇಕು' ಅಂತಾಳಂತೆ. ಗಿರಾಕಿಗಳು ನಾಚಿಕೊಂಡು ಕೇಳಿದ್ದಕ್ಕೇ ತೆಗೆದುಕೊಂಡು ಹೋಗುತ್ತಾರೆ. ಮೊದಲಿಗಿಂತ ವ್ಯಾಪಾರ ಈಗಲೇ ಚೆನ್ನಾಗಿದೆ ಅಂತಾಳೆ.

ನಾನು ಡಾಕ್ಟರಲ್ಲ. ಅವರಿಗೆ ಕೇಳಬೇಕಾದ್ದನ್ನು ಅವರಿಗೇ ಕೇಳಿ. ಆದರೆ 'ಏನೂ ಮಾಡದೆ ಕಾದರೆ ಏನಾಗುತ್ತೆ' ಅಂತ ಕೇಳಿದ್ದೀರಾ? ಅದೊಂದು ಕೇಳಿ. ಪಂಕಜಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ನಿಮ್ಮವನು,
ಬೈರಣ್ಣ


ಜಯನಗರ
9 ನವೆಂಬರ್ 2024

ಬೈರಣ್ಣನವರೇ,

ಕೇಳಿದೆ. ನೀವು ಹೇಳಿದಂತೆ ಪಂಕಜಾ ಪಕ್ಕದಲ್ಲಿದ್ದಳು. ಉಸಿರಿನ ದಾರಿ ಕಿರಿದಾಗುತ್ತಿದೆ, ಒಂದು ದಿನ ಮುಚ್ಚಬಹುದು. ಅದಕ್ಕಿಂತ ಮುಖ್ಯ, ಈಗ ಪೂರ್ತಿ ತೆಗೆಯಲು ಸಾಧ್ಯವಿರುವ ಗಡ್ಡೆ ಮುಂದೆ ಹಾಗೆ ಉಳಿಯದೇ ಹೋಗಬಹುದು, ಈ ತಿಂಗಳೊಳಗೆ ತೀರ್ಮಾನಿಸಿ ಎಂದರು. ಪಂಕಜಾ ಮನೆಗೆ ಬಂದು ಅಕ್ಕಿ ಆರಿಸಲು ಕೂತಳು. ಪ್ಯಾಕೆಟ್ಟಿನ ಅಕ್ಕಿ, ಅದರಲ್ಲಿ ಆರಿಸುವುದಕ್ಕೆ ಏನೂ ಇರುವುದಿಲ್ಲ.

ನೀವು ದೋಷಗಳನ್ನು ಹೇಳಿದಿರಿ, ನಿಜವಾದದ್ದನ್ನು ಬಿಟ್ಟಿರಿ. ನಿಮ್ಮ ಧ್ವನಿಯನ್ನು ನಾನು ಕೇಳಿದ್ದೇನೆ. ಕ್ಷಮಿಸಿ, ನೀರು ನಿಂತ ನಲ್ಲಿಯಲ್ಲಿ ಗಾಳಿ ಬರುತ್ತದಲ್ಲ, ಹಾಗಿತ್ತು. ನೀವು ಅದರಲ್ಲೇ ನಗುತ್ತಿದ್ದಿರಿ. ನಾನು ಗೋಡೆಗೆ ತಿರುಗಿದ್ದು ತೂತು ಕಂಡು ಅಲ್ಲ, ಆ ನಗು ಕೇಳಿ.

ಸಾವಿನ ಭಯ ನನಗೆ ಅಷ್ಟಾಗಿಲ್ಲ. ನನಗೆ ಮದುವೆಯಾದಾಗ ಪಂಕಜಾಳ ಅಣ್ಣ, 'ಹುಡುಗನಿಗೆ ಸಂಬಳ ಕಮ್ಮಿ, ಧ್ವನಿ ಚೆನ್ನಾಗಿದೆ' ಎಂದಿದ್ದರು. ನಲವತ್ತು ವರ್ಷ ಅವಳನ್ನು ಕರೆದದ್ದು ಈ ಧ್ವನಿ. ಒಳಗಿನ ಕೋಣೆಯಿಂದ ನಲ್ಲಿಯ ಗಾಳಿಯಂಥ ಒಂದು ಸದ್ದು 'ಪಂಕಜಾ' ಎಂದಾಗ ಅವಳ ಮುಖ ಹೇಗಾಗುತ್ತದೆ? ಆಪರೇಷನ್ ಮಾಡುವವರು ಅದಕ್ಕೆ ಉತ್ತರ ಹೇಳಲಾರರು. ಇದನ್ನು ಅವಳಿಗೆ ಹೇಳಿಲ್ಲ. ನಿಮಗೆ ಯಾಕೆ ಬರೆದೆನೋ ತಿಳಿಯದು. ಬಹುಶಃ ಅಪರಿಚಿತರಾದ್ದರಿಂದ.

ಇಂತು,
ಜಯಸಿಂಹ


ಹುಳಿಮಾವು
18 ನವೆಂಬರ್ 2024

ಸಾರ್,

ನಿಮ್ಮ ಕಾಗದಕ್ಕೆ ಉತ್ತರ ಯೋಚಿಸುತ್ತ ಒಂದು ವಾರ ಕಳೆದೆ. ಅಷ್ಟರಲ್ಲಿ ನಿನ್ನೆ ನಾನೇ ಸಾಯುತ್ತಿದ್ದೆ. ಊರ ಜನರೆಲ್ಲರ ಮುಂದೆ, ಆರ್ಕೆಸ್ಟ್ರಾ ಸಮೇತ.

ನಮ್ಮೂರ ಗೆಳೆಯರ ಬಳಗದ ರಾಜ್ಯೋತ್ಸವ. ಈ ವರ್ಷ 'ಕ್ಯಾನ್ಸರ್ ಗೆದ್ದ ಧೀರ' ಅಂತ ನನಗೆ ಸನ್ಮಾನ. ಫ್ಲೆಕ್ಸ್‌ನಲ್ಲಿ ನನ್ನ ಫೋಟೋ, ಮೀಸೆ ಕಪ್ಪು ಮಾಡಿ ಹಾಕಿದ್ದರು. ಸ್ಟೇಜಿನ ಮೇಲೆ ಸಿಂಹಾಸನದಂಥ ಕುರ್ಚಿ. ತಲೆಗೆ ಮೈಸೂರು ಪೇಟ ಇಟ್ಟರು. ಶಾಲು ಹೊದಿಸಿ, ಜಾರಬಾರದು ಅಂತ ಮುಂದೆ ಗಂಟು ಹಾಕಿದರು. ಅದರ ಮೇಲೆ ತೊಡೆ ಗಾತ್ರದ ಸುಗಂಧರಾಜದ ಹಾರ. ಎರಡೂ ಕೈಗೆ ಹಣ್ಣಿನ ಬುಟ್ಟಿ. ಫೋಟೋದವನು 'ಅಣ್ಣಾ ಹಂಗೇ ಇರಿ, ಹಂಗೇ ಇರಿ' ಅಂದ. ಹಂಗೇ ಇದ್ದೆ. ಉಸಿರು ಮಾತ್ರ ಇರಲಿಲ್ಲ. ಶಾಲಿನ ಗಂಟು ಸರಿಯಾಗಿ ತೂತಿನ ಮೇಲೆ ಕೂತಿತ್ತು, ಹಾರ ಅದನ್ನು ಒತ್ತಿ ಹಿಡಿದಿತ್ತು.

ಬುಟ್ಟಿ ಬಿಟ್ಟೆ. ಸೇಬು ಕಿತ್ತಳೆ ಎಲ್ಲ ಸ್ಟೇಜ್ ತುಂಬ ಉರುಳಿದವು. ಕೂಗೋಣವೆಂದರೆ ಯಾವುದರಲ್ಲಿ ಕೂಗಲಿ? ಕಣ್ಣಲ್ಲಿ ನೀರು ಬಂತು. ನಿರೂಪಣೆಯ ಮಾಧವ ಮೈಕಿನಲ್ಲಿ, 'ಬೈರಣ್ಣನವರು ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ ಬರಲಿ' ಅಂದ. ಬಂತು ಸಾರ್, ಜೋರಾಗಿಯೇ ಬಂತು. ಆರ್ಕೆಸ್ಟ್ರಾದವನು ಡ್ರಮ್ಮು ಬೇರೆ ಬಾರಿಸಿದ. ಆಮೇಲೆ ನಾನು ಕುಸಿದೆ. ಒಬ್ಬ ಮೂಗಿಗೆ ಗಾಳಿ ಬೀಸಿದ. ಇನ್ನೊಬ್ಬ ಬಾಯಿಗೆ ನೀರು ಹಾಕಿದ. 'ಫಿಟ್ಸು ಕಣ್ರೋ' ಅಂತ ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಎಲ್ಲರೂ ನನ್ನ ಉಳಿಸುವುದಕ್ಕೇ ಒದ್ದಾಡುತ್ತಿದ್ದಾರೆ, ಎಲ್ಲರೂ ಬೇರೆ ಮನೆಯ ಬಾಗಿಲು ಬಡಿಯುತ್ತಿದ್ದಾರೆ.

ಅಕ್ಕಯಮ್ಮ ಮೊದಲ ಸಾಲಿನಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಬಂದಳು. ಎರಡೂ ಕೈಯಲ್ಲಿ ಹಾರ ಹರಿದು, ಗಂಟು ಕಿತ್ತು, ಮಾಧವನ ಮೈಕು ಕಸಿದು, 'ಇವರ ಉಸಿರು ಇಲ್ಲಿರೋದು ಕಣ್ರೋ, ಮೂಗಲ್ಲಲ್ಲ. ದಿನಾ ಜೊತೆಗೆ ಟೀ ಕುಡೀತೀರಲ್ಲ, ಅಷ್ಟೂ ಗೊತ್ತಿಲ್ವಾ?' ಅಂದಳು.

ಗೊತ್ತಿರಲಿಲ್ಲ ಸಾರ್, ಯಾರಿಗೂ. ಮೂರು ವರ್ಷ ಊರಿನಲ್ಲಿ ಕರವಸ್ತ್ರ ಕಟ್ಟಿಕೊಂಡು ಓಡಾಡಿದ್ದೇನೆ. ಆಸ್ಪತ್ರೆಯಲ್ಲಿ ಕಂಡಕಂಡವರಿಗೆ ತೋರಿಸುವವನು ನನ್ನ ಬೀದಿಯವರಿಗೆ ತೋರಿಸಿಲ್ಲ.

ಈಗ ನಿಮ್ಮಿಂದ ಒಂದು ಉಪಕಾರ. ಡಿಸೆಂಬರ್ ಒಂದಕ್ಕೆ ಅರೆಕೆರೆಯವರು ಸನ್ಮಾನ ಇಟ್ಟುಕೊಂಡಿದ್ದಾರೆ. ಬೇಡ ಅನ್ನಬಹುದು, ಆದರೆ ನಮ್ಮ ಜನಕ್ಕೆ ಇದನ್ನು ತಿಳಿಸಲು ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಹಾರ ಹಾಕುವ ಮೊದಲು ನಿರೂಪಕ ಮೈಕಿನಲ್ಲಿ ಓದುವುದಕ್ಕೆ ಒಂದು ಪ್ಯಾರಾ ಬೇಕು. ನನಗೆ ಸೈಟಿನ ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯಲು ಬರುತ್ತದೆ, ಇದು ಬರುವುದಿಲ್ಲ. ಸ್ಟೇಜಿನ ಮಾತು ಬಲ್ಲವರು ನೀವು. ಬರೆದುಕೊಡಿ.

ಹಾರವಿಲ್ಲದ,
ಬೈರಣ್ಣ


ಜಯನಗರ
23 ನವೆಂಬರ್ 2024

ಪ್ರಿಯ ಬೈರಣ್ಣನವರೇ,

ಡ್ರಮ್ಮಿನ ಸಾಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ಪಂಕಜಾ ದೇವರ ಮನೆಯಿಂದ ಆರತಿ ತಟ್ಟೆ ಹಿಡಿದೇ ಓಡಿ ಬಂದಳು. ನಕ್ಕ ಮೇಲೆ ಉಸಿರು ಹಿಡಿಯುವುದು ಕಷ್ಟವಾಗಿ ಕಿಟಕಿಯ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ಅವಳೂ ತಟ್ಟೆ ಹಿಡಿದೇ ನಿಂತಿದ್ದಳು. ಏನೆಂದು ಕೇಳಿದಳು, ನಿಮ್ಮ ಪತ್ರ ಕೊಟ್ಟೆ. ಅವಳು ಓದಿ ನಗಲಿಲ್ಲ. 'ಆ ಅಕ್ಕಯಮ್ಮನವರನ್ನ ನೋಡಬೇಕು' ಎಂದಳು.

ಬರೆದಿದ್ದೇನೆ. ಮೊದಲ ಕರಡು ಎರಡು ಪುಟವಿತ್ತು, ಪಂಕಜಾ ಹೊಡೆದು ಹಾಕಿ ಇಷ್ಟು ಉಳಿಸಿದಳು:

'ಸಭಿಕರೇ, ಇವರ ಉಸಿರು ಕುತ್ತಿಗೆಯಲ್ಲಿದೆ. ಹಾರವನ್ನು ಕೈಗೆ ಕೊಡುತ್ತೇವೆ, ಶಾಲನ್ನು ತೋಳಿಗೆ ಹೊದಿಸುತ್ತೇವೆ. ಇಂಥವರಿಗೆ ಎಲ್ಲಾದರೂ ಉಸಿರು ಕಟ್ಟಿದರೆ ಕುತ್ತಿಗೆಯ ಮೇಲಿರುವುದನ್ನು ಮೊದಲು ತೆಗೆಯಿರಿ. ಆಕ್ಸಿಜನ್ ಕೊಡುವುದಾದರೂ ಮೂಗಿಗಲ್ಲ, ಕುತ್ತಿಗೆಗೆ. ಇವರು ಮಾತಿನ ನಡುವೆ ನಿಲ್ಲಿಸಿದರೆ ಚಪ್ಪಾಳೆ ತಟ್ಟಬೇಡಿ. ಉಸಿರು ತೆಗೆದುಕೊಳ್ಳುತ್ತಿರುತ್ತಾರೆ, ಮಾತು ಮುಗಿದಿರುವುದಿಲ್ಲ.'

ಕೊನೆಯ ವಾಕ್ಯವನ್ನು ನಿಧಾನವಾಗಿ ಓದಲು ಹೇಳಿ. ಒಂದು ವಿಷಯ. 'ಇವರ ಉಸಿರು' ಎಂದು ಬರೆಯುವ ಕಡೆ ಕೈ ತಪ್ಪಿ 'ನಮ್ಮ ಉಸಿರು' ಎಂದು ಬರೆದಿದ್ದೆ. ಪಂಕಜಾ ಅದನ್ನು ನೋಡಿಯೂ ತಿದ್ದಲಿಲ್ಲ. ನಾನೇ ತಿದ್ದಿದ್ದೇನೆ.

ನಿಮ್ಮ,
ಜಯಸಿಂಹ


ಜಯನಗರ
2 ಡಿಸೆಂಬರ್ 2024

ಬೈರಣ್ಣನವರಿಗೆ, ಪಂಕಜಾ ಮಾಡುವ ನಮಸ್ಕಾರಗಳು.

ಶುಕ್ರವಾರ ಬೆಳಗ್ಗೆ ತಿಂಡಿಗೆ ಕೂತಾಗ ಇವರಿಗೆ ಉಸಿರು ಕಟ್ಟಿತು. ಆಟೋದಲ್ಲೇ ಕರೆದುಕೊಂಡು ಹೋದೆ. ಕುತ್ತಿಗೆಯಲ್ಲಿ ದಾರಿ ಮಾಡಿ ಟ್ಯೂಬ್ ಇಟ್ಟಿದ್ದಾರೆ. ಈಗ ಉಸಿರಾಟ ಸರಾಗವಾಗಿದೆ, ಮಾತು ಇಲ್ಲ. ಇದು ಉಸಿರಿಗೆ ಮಾತ್ರ, ರೋಗ ಒಳಗೇ ಇದೆ ಎಂದರು. ಒಪ್ಪಿದರೆ ದೊಡ್ಡ ಆಪರೇಷನ್ ಗುರುವಾರ. ಇವರು ಒಪ್ಪಿಗೆಗೆ ಸಹಿ ಹಾಕಿಲ್ಲ, ಬೇಡ ಎಂದೂ ಬರೆದಿಲ್ಲ. ಸ್ಲೇಟು ಕೊಟ್ಟರೆ ಬೋರಲು ಹಾಕಿ ಇಡುತ್ತಾರೆ.

ನಿಮ್ಮ ಮನೆಯವರನ್ನು ಒಂದು ಮಾತು ಕೇಳಬೇಕಾಗಿದೆ. ನೀವು ಮೊದಲ ಸಲ ಈ ಹೊಸ ಧ್ವನಿಯಲ್ಲಿ ಕರೆದಾಗ ಅವರಿಗೆ ಏನನ್ನಿಸಿತು? ಸಮಾಧಾನದ ಮಾತು ಬೇಡ, ನಡೆದದ್ದು ಬೇಕು. ಇವರು ಹೆದರಿರುವುದು ಅದಕ್ಕೇ ಎಂದು ನನಗೆ ಗೊತ್ತಿದೆ. ನನಗೆ ಗೊತ್ತೆಂಬುದು ಇವರಿಗೆ ಗೊತ್ತಿಲ್ಲ. ನಾನೂ ಅದಕ್ಕೇ ಹೆದರಿದ್ದೇನೆ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಪಂಕಜಾ


ಹುಳಿಮಾವು
3 ಡಿಸೆಂಬರ್ 2024

ಪಂಕಜಮ್ಮನವರಿಗೆ,

ಅಕ್ಕಯಮ್ಮ ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದಕ್ಷರ ಆಚೀಚೆ ಮಾಡಿದರೆ ಊಟ ಇಲ್ಲ ಅಂದಿದ್ದಾಳೆ. ಇಲ್ಲಿಂದ ಅವಳ ಮಾತು.

'ಅಮ್ಮಾ, ನಿಜ ಹೇಳ್ತೀನಿ. ಆಸ್ಪತ್ರೇಲಿ ಇವ್ರು ಮೊದಲ ಸಲ ಅಕ್ಕಯ್ಯ ಅಂತ ನನ್ನ ಕರ್ದಾಗ ನಂಗೆ ಹಿಂದೆ ಯಾರೋ ಕುರ್ಚಿ ಎಳೆದಂಗಾಯ್ತು. ನಗ್ತಾ ಹೂಂ ಅಂದೆ. ಆಮೇಲೆ ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಹೊರಗೆ ಬಂದಾಗ ಅಲ್ಲಿದ್ದ ನರ್ಸಮ್ಮ, ದಿನಾ ಒಬ್ರು ಬರ್ತಾರೆ ಆ ನಲ್ಲಿ ಹತ್ರ, ಅಂದ್ಲು. ಅದಕ್ಕೆ ನಾಚ್ಕೋಬೇಡಿ. ಅಳೋದಿದ್ರೆ ಅತ್ತುಬಿಡಿ.

'ಹಳೇ ಧ್ವನಿ ಮರೆತೋಗುತ್ತೆ ಅಂತ ಜನ ಅಂತಾರೆ. ನಂಗೆ ಮರೆತಿಲ್ಲಮ್ಮ. ಒಂದೊಂದು ಸಲ ಕನಸಲ್ಲಿ ಬರುತ್ತೆ. ಆದ್ರೆ ಬೆಳಗ್ಗೆ ಎದ್ದು ಕಾಫಿ ಕೇಳೋದು ಇದು. ಮೊಮ್ಮಗು ಬಿದ್ರೆ ಅಯ್ಯೋ ಅನ್ನೋದು ಇದು. ಮೊದಮೊದಲು ಧ್ವನಿ ಕೇಳ್ತಿದ್ದೆ, ಆಮೇಲೆ ಯಾವತ್ತೋ ಏನಂದ್ರು ಅಂತ ಕೇಳೋಕೆ ಶುರುಮಾಡ್ದೆ. ಯಾವತ್ತು ಅಂತ ಗೊತ್ತಾಗ್ಲಿಲ್ಲ.

'ಇನ್ನೊಂದು. ಹಳೇ ಧ್ವನೀಲಿ ಸುಳ್ಳು ಜಾಸ್ತಿ ಇತ್ತು. ಬ್ರೋಕರ್ ಅಲ್ವಾ. ಈಗ ಒಂದೊಂದು ಮಾತಿಗೂ ಉಸಿರು ಖರ್ಚು, ಸುಳ್ಳಿಗೆ ಮಿಗೋದಿಲ್ಲ. ಬರೀರಿ, ಬರೀರಿ, ಯಾಕೆ ನಿಲ್ಲಿಸಿದ್ರಿ?

'ನಿಮ್ಮನೆಯವ್ರಿಗೆ ಹೇಳಿ, ಧ್ವನಿ ಹೋದ್ರೆ ಹೆಂಡ್ತಿ ಮುಖ ಹೆಂಗಾಗುತ್ತೆ ಅಂತ ಯೋಚಿಸೋರು, ಗಂಡನೇ ಹೋದ್ರೆ ಹೆಂಗಾಗುತ್ತೆ ಅಂತಾನೂ ಒಂದು ಸಲ ಯೋಚಿಸಲಿ.'

ಅಷ್ಟೇ ಅಂದಳು. ಅವಳ ಮಾತಿಗೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ. ಇದೂ ಮೊದಲ ಸಲ.

ಬೈರಣ್ಣ


ಆಸ್ಪತ್ರೆ, ವಾರ್ಡು
4 ಡಿಸೆಂಬರ್ 2024

ಬೈರಣ್ಣನವರೇ,

ಪೆನ್ಸಿಲಿನಲ್ಲಿ ಬರೆದಿದ್ದೇನೆ, ಓದಿಕೊಳ್ಳಿ. ಪಂಕಜಾ ನಿಮ್ಮ ಮನೆಯವರ ಮಾತನ್ನು ನನಗೆ ಓದಿ ಹೇಳಿದಳು. ಸುಳ್ಳಿನ ಸಾಲಿನವರೆಗೆ ನಗುತ್ತ ಓದಿದಳು. ಕೊನೆಯದನ್ನು ಓದಲಾಗದೆ ಕಾಗದ ನನ್ನ ಕೈಗೆ ಕೊಟ್ಟಳು. ಸಹಿ ಮಾಡಿದ್ದೇನೆ. ನಾಳೆ ಬೆಳಗ್ಗೆ.

ಬೆಳಗಿನಿಂದ ಯೋಚಿಸುತ್ತಿದ್ದೇನೆ, ನನ್ನ ಗಂಟಲಿನಿಂದ ಬಂದ ಕಟ್ಟಕಡೆಯ ಮಾತು ಯಾವುದು ಎಂದು. ಅಷ್ಟು ವರ್ಷ ವೇದಿಕೆಯಲ್ಲಿ ವಂದನಾರ್ಪಣೆ ಮಾಡಿದವನು ಏನಾದರೂ ಘನವಾದದ್ದು ಹೇಳಿರಬೇಕಲ್ಲವೇ? ಪಂಕಜಾಳನ್ನು ಬರೆದು ಕೇಳಿದೆ. ಆಟೋದವನಿಗೆ 'ಎಡಕ್ಕೆ ತಗೊಳ್ಳಪ್ಪ' ಎಂದದ್ದಂತೆ. ಅವನು ಬಲಕ್ಕೆ ಹೋದನಂತೆ.

ಅರೆಕೆರೆಯಲ್ಲಿ ಪ್ಯಾರಾ ಓದಿದರೇ? ಕೊನೆಯ ವಾಕ್ಯವನ್ನು ನಿಧಾನವಾಗಿ ಓದಿದರೇ?

ಜಯಸಿಂಹ


ಹುಳಿಮಾವು
20 ಮಾರ್ಚ್ 2025

ಜಯಸಿಂಹ ಸಾರ್,

ನಿಮ್ಮ ಮೇಲೆ ಒಂದು ದೂರು ಇದೆ. ಆಪರೇಷನ್ ಆಯಿತು, ಗಡ್ಡೆ ಪೂರ್ತಿ ಬಂದಿದೆ ಅಂದರು. ರೇಡಿಯೇಷನ್ನೂ ಮುಗಿಯಿತು. ವಾಲ್ವ್ ಚೆನ್ನಾಗಿ ಕೂತಿದೆ. ನಮ್ಮ ಶನಿವಾರದ ಗುಂಪಿನಲ್ಲಿ ನಿಮ್ಮ 'ಎಲ್ಲರಿಗೂ ಶುಭೋದಯ' ಕೇಳಿ ಜಯಶೀಲಾ, 'ಇವ್ರು ತೂತಲ್ಲೂ ಲೆಕ್ಚರರೇ' ಅಂದಳು. ನೀವು ಬರೆದ ಪ್ಯಾರಾ ಈಗ ಆರು ಊರಿನ ಸ್ಟೇಜಿನಲ್ಲಿ ಓದಿದ್ದಾಗಿದೆ. ಸುಬ್ರಹ್ಮಣ್ಯಪುರದಲ್ಲಿ ಆಂಬ್ಯುಲೆನ್ಸ್ ಹುಡುಗರು ಬಂದು ಅದರ ಫೋಟೋ ತೆಗೆದುಕೊಂಡರು. ನಿಧಾನವಾಗಿಯೇ ಓದುತ್ತಾರೆ, ನಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ.

ಆದರೆ ಮೊನ್ನೆ ಪಂಕಜಮ್ಮನವರು ಅಕ್ಕಯಮ್ಮನ ಹತ್ತಿರ ಏನು ಹೇಳಿದರು ಗೊತ್ತಾ? ಮನೆಯಲ್ಲಿ ನೀವು ಇನ್ನೂ ಸ್ಲೇಟಂತೆ. ಒಂದು ಮಾತೂ ಇಲ್ಲವಂತೆ. ಬಾತ್ರೂಮಿನಲ್ಲಿ ಒಬ್ಬರೇ ಅಭ್ಯಾಸ ಮಾಡುವುದು ಬಾಗಿಲಾಚೆ ಅವರಿಗೆ ಕೇಳಿಸುತ್ತದಂತೆ. ನೀವು ಬಾಗಿಲು ತೆಗೆಯುವ ಮೊದಲು ಅವರು ಅಡುಗೆಮನೆಗೆ ಓಡುತ್ತಾರಂತೆ. ಇದು ಯಾವ ವ್ಯಾಪಾರ ಸಾರ್? ಊರಿಗೆಲ್ಲ ಮಾಡೆಲ್ ಫ್ಲಾಟ್ ತೋರಿಸಿ, ದುಡ್ಡು ಕೊಟ್ಟವರಿಗೆ ಬೀಗದ ಕೈ ಕೊಡದ ಬಿಲ್ಡರ್ ಕೆಲಸ.

ಕೋಪದಲ್ಲಿ,
ಬೈರಣ್ಣ


ಜಯನಗರ
12 ಏಪ್ರಿಲ್ 2025

ಪ್ರಿಯ ಬೈರಣ್ಣ,

'ಅವರೇ' ಬಿಟ್ಟಿದ್ದೇನೆ, ಬೇಸರವಿಲ್ಲ ತಾನೇ? ನಿಮಗೆ ಉತ್ತರ ಬರೆಯಲು ಮೂರು ವಾರ ಯಾಕೆ ಬೇಕಾಯಿತೆಂದರೆ, ಹೇಳಲು ಏನೂ ಇರಲಿಲ್ಲ. ನಿನ್ನೆ ಸಂಜೆಯಿಂದ ಇದೆ.

ರಾಮೋತ್ಸವದ ಕಚೇರಿಗೆ ಹೊರಟಿದ್ದೆವು. ಈ ವರ್ಷ ನಿರೂಪಣೆ ಬೇರೆಯವರದು. ನಾನು ಕೇಳುವವರ ಸಾಲಿನಲ್ಲಿ. ಅದಕ್ಕೆ ಮುಂಚೆ ಪಂಕಜಾ ನಾಲ್ಕನೇ ಬ್ಲಾಕಿನಲ್ಲಿ ಹೂವು ತೆಗೆದುಕೊಳ್ಳಬೇಕೆಂದಳು. ತೆಗೆದುಕೊಂಡಳು. ಚಿಲ್ಲರೆಯನ್ನು ಪರ್ಸಿಗೆ ಹಾಕುತ್ತ, ತಲೆ ತಗ್ಗಿಸಿಕೊಂಡು, ನನಗಿಂತ ನಾಲ್ಕು ಹೆಜ್ಜೆ ಮುಂದೆ ರಸ್ತೆಗೆ ಇಳಿದಳು. ಒನ್‌ವೇಯಲ್ಲಿ ಎದುರಿನಿಂದ ಒಂದು ಡೆಲಿವರಿ ಬೈಕು. ಅವನ ಕಣ್ಣು ಫೋನಿನಲ್ಲಿ, ಇವಳದು ಪರ್ಸಿನಲ್ಲಿ.

ಹೆಬ್ಬೆರಳು ಯಾವಾಗ ಕುತ್ತಿಗೆಗೆ ಹೋಯಿತೋ ತಿಳಿಯದು. 'ಪಂಕಜಾ, ನಿಲ್ಲು' ಎಂದೆ. ಬೈರಣ್ಣ, ಅದು ಬಾತ್ರೂಮಿನಲ್ಲಿ ಅಭ್ಯಾಸ ಮಾಡಿದ ಧ್ವನಿಯಲ್ಲ. ಅಷ್ಟು ಗಾಳಿ ನನ್ನೊಳಗೆ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಹೂವಿನವಳು ತಿರುಗಿದಳು, ಪಾನಿಪೂರಿಯವನು ತಿರುಗಿದ, ಬೈಕಿನವನು ಬ್ರೇಕು ಹಾಕಿ ಕಾಲು ಊರಿದ. ಪಂಕಜಾ ನಿಂತಳು.

ನಿಂತು ತಿರುಗಿ ನನ್ನ ಮುಖ ನೋಡಿದಳು. ಬೈಕಿನವನು 'ಸಾರಿ ಆಂಟಿ' ಎಂದು ಹೋದ. ನಾನು ಹೆಬ್ಬೆರಳು ತೆಗೆಯುವುದನ್ನೂ ಮರೆತು ಉಸಿರಿಲ್ಲದೆ ನಿಂತಿದ್ದೆ. ಎಷ್ಟೋ ತಿಂಗಳಿಂದ ನಾನು ಹೆದರಿಕೊಂಡಿದ್ದ ಆ ಮುಖ ಎದುರಿಗೇ ಇತ್ತು. ಅವಳು ಹತ್ತಿರ ಬಂದು ನನ್ನ ಕೈಯನ್ನು ಕುತ್ತಿಗೆಯಿಂದ ಇಳಿಸಿದಳು.

'ಏನ್ರೀ ಇದು, ನಡುರಸ್ತೇಲಿ ಹೆಂಡ್ತಿ ಹೆಸರು ಹಿಡಿದು ಹಾಗೆ ಕಿರುಚೋದಾ? ನಾಲ್ಕು ಜನ ನೋಡ್ತಾರೆ ಅನ್ನೋ ಜ್ಞಾನ ಬೇಡ್ವಾ? ನಂಗೇನು ಬೈಕು ಕಾಣ್ಸಲ್ವಾ?'

ಮತ್ತೆ ಹೆಬ್ಬೆರಳು ಒತ್ತಿ, 'ಕಾಣ್ಸಿರ್ಲಿಲ್ಲ' ಎಂದೆ.

'ಕಾಣ್ಸಿತ್ತು.'

'ಪರ್ಸ್ ನೋಡ್ತಿದ್ದೆ ನೀನು.'

ಕಚೇರಿಗೆ ಹೋಗಲಿಲ್ಲ. ಮನೆ ಸೇರುವವರೆಗೂ ದಾರಿಯುದ್ದಕ್ಕೂ ಬೈದಳು. ನಾನೂ ಒಂದನ್ನೂ ಬಿಡದೆ ಉತ್ತರ ಕೊಡುತ್ತಲೇ ಬಂದೆ.

ನಿನ್ನ,
ಜಯಸಿಂಹ